ಒಣಗಿಸುವ ಪುಡಿ

ಹೆದರ್‌ಫೋರ್ಡ್, ಟಾಸ್ಮೇನಿಯಾ
9 ನವೆಂಬರ್ 1986

ವರ್ನ್,

ನಿನಗೆ ಕಾಗದ ಬರೆಯಬಾರದೆಂದು ಒಂಬತ್ತು ವರ್ಷ ಹಟ ಹಿಡಿದಿದ್ದೆ. ಹಟ ಹಿಡಿಯುವುದಕ್ಕೂ ತ್ರಾಣ ಬೇಕು, ಈಗ ಅದಿಲ್ಲ. ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ಆಥೊಲ್ ತೀರಿಕೊಂಡ ಮೇಲೆ ನಮ್ಮ ಮರಗೆಲಸದ ಕಾರ್ಯಾಗಾರವನ್ನು ನಾನೊಬ್ಬಳೇ ನಡೆಸುತ್ತಿದ್ದೇನೆ. ಕುರ್ಚಿಗೆ ಬೆತ್ತ ಹೆಣೆಯುವುದು, ಮೇಜಿಗೆ ಅಂಗಡಿಯ ವಾರ್ನಿಶ್ ಬಳಿಯುವುದು, ಇಷ್ಟೇ. ಇಷ್ಟರಲ್ಲೇ ದಿನ ಹೋಗುತ್ತಿತ್ತು. ಆದರೆ ಆಗಸ್ಟಿನಲ್ಲಿ ಚರ್ಚಿನ ಸಮಿತಿಯ ಥರ್ಜಾ ಕೋಲ್ಬೆಕ್ ಬಂದು ಪ್ರಸಂಗಪೀಠದ ಕೆಲಸ ಒಪ್ಪಿಸಿದರು. ಪಾದ್ರಿ ಆರು ಮೆಟ್ಟಿಲು ಹತ್ತಿ ನಿಂತು ಮಾತಾಡುವ ಆ ಕೆಂಪು ಸೀಡರ್ ಮರದ ಪೀಠ ನಿನಗೆ ನೆನಪಿರಬೇಕು, 1843ರದ್ದು. ಯಾರೋ ಪುಣ್ಯಾತ್ಮರು ಇಪ್ಪತ್ತು ವರ್ಷದ ಹಿಂದೆ ಅದಕ್ಕೆ ಪ್ಲಾಸ್ಟಿಕ್ ವಾರ್ನಿಶ್ ಬಳಿದಿದ್ದರು. ಈಗ ಅದು ಬಿಸಿಲಿಗೆ ಬೆಂದ ಬೆನ್ನಿನ ಚರ್ಮದಂತೆ ಸುಲಿಯುತ್ತಿದೆ. ಅದನ್ನೆಲ್ಲ ಕೆರೆದು, ಮೊದಲು ಮಾಡಿದ ಬಡಗಿ ಹಾಕಿದ್ದ ಮೆರುಗನ್ನೇ ಹಾಕಿಕೊಡಬೇಕಂತೆ. ಅವನ ಕೈಬರಹದ ಚೀಟಿಯೊಂದು ಸಮಿತಿಯ ಬಳಿ ಇದೆ: ಯಾಕಾ ಗಿಡದ ರಾಳ, ಸ್ಪಿರಿಟ್, ಅಗಸೆ ಎಣ್ಣೆ, ಜೇನುಮೇಣ. ಕೊನೆಯ ಸಾಲನ್ನು ಇಲಿ ತಿಂದಿದೆ. ಈಸ್ಟರ್ ಹಬ್ಬಕ್ಕೆ ಬಿಷಪ್ ಬರುತ್ತಾರೆ, ಅಷ್ಟರೊಳಗೆ ಆಗಬೇಕು.

ಮೂರು ಸಲ ಮಾಡಿದೆ. ಮೂರು ಸಲವೂ ಒಣಗಲಿಲ್ಲ. ಮೂರು ವಾರ ಬಿಟ್ಟು ಮುಟ್ಟಿದರೂ ಬೆರಳಿಗೆ ಪಾಕದಂತೆ ಅಂಟುತ್ತದೆ. ಒಂದು ಮಾದರಿ ಹಲಗೆಯ ಮೇಲೆ ನೊಣಗಳ ಮೆರವಣಿಗೆಯೇ ಸತ್ತು ಕೂತಿದೆ.

ಆಥೊಲ್ ಮತ್ತು ನೀನು ಸೇರಿ ನ್ಯಾಯಾಲಯದ ಬೆಂಚುಗಳಿಗೆ ಹಾಕಿದ್ದು ಇದೇ ಮೆರುಗು. ಎರಡೇ ದಿನದಲ್ಲಿ ಗಾಜಿನಂತೆ ಗಟ್ಟಿಯಾಗಿತ್ತು. ಎಣ್ಣೆ ಕುದಿಸುವ ಶೆಡ್ಡಿನೊಳಗೆ ನನ್ನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಏನು ಹಾಕುತ್ತಿದ್ದಿರಿ? ಅಷ್ಟು ತಿಳಿಸಿದರೆ ಸಾಕು.

ನನ್ನ ಗಂಡನ ಮಣ್ಣಿಗೆ ನೀನು ಬರಲಿಲ್ಲ. ಅದನ್ನು ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ.

ಲೋರ್ನಾ ಡಿರೀನ್


ಕ್ಯಾಂಗರೂ ದ್ವೀಪ
2 ಡಿಸೆಂಬರ್ 1986

ಲೋರ್ನಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಒಡೆಯುವುದಕ್ಕೆ ಒಂದು ದಿನ ಬೇಕಾಯಿತು.

ಇದರ ಜತೆ ಬಿಸ್ಕತ್ತಿನ ಡಬ್ಬಿಯಲ್ಲಿ ಯಾಕಾ ರಾಳ ಕಳಿಸಿದ್ದೇನೆ. ಅಂಗಡಿಯಲ್ಲಿ ಕೊಂಡಿದ್ದರೆ ಅದನ್ನು ಬಿಸಾಡು, ಅದರಲ್ಲಿ ಅರ್ಧ ಮಣ್ಣೇ ಇರುತ್ತದೆ. ನನ್ನ ಅಕ್ಕ ಐವಿಯ ಹೊಲದ ಬೇಲಿಯಾಚೆ ಎಲ್ಲಿ ನೋಡಿದರೂ ಯಾಕಾ ಗಿಡಗಳು. ಕಾಳ್ಗಿಚ್ಚು ಹಾದುಹೋದ ಕಡೆ ಬುಡಕ್ಕೆ ಬಡಿದರೆ ಕೆಂಪು ರಾಳ ಚೂರುಚೂರಾಗಿ ಉದುರುತ್ತದೆ. ಐವಿಯೇ ಬಡಿದು ಜರಡಿ ಹಿಡಿದಳು. ಸ್ಪಿರಿಟ್ಟಿನಲ್ಲಿ ಒಂದು ವಾರ ನೆನೆಹಾಕಿ, ಹಳೆಯ ಬಟ್ಟೆಯಲ್ಲಿ ಸೋಸಿ, ಮೊದಲು ಅದನ್ನು ತೆಳ್ಳಗೆ ಹಚ್ಚು. ಸೀಡರ್ ಮರಕ್ಕೆ ಜೀವ ಬರುತ್ತದೆ.

ಎಣ್ಣೆಯನ್ನು ಕುದಿಸಬೇಡ. ನೀರು, ಮರಳು ಹಾಕಿ ಕುಲುಕಿ ತೊಳೆದು, ತಳದ ಕೊಳೆ ಬಿಟ್ಟು, ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಮೇಲೆ ಗಾಜು ಮುಚ್ಚಿ ಬಿಸಿಲಿಗಿಡು. ಗಾಳಿಯಾಡುವಷ್ಟು ಸಂದು ಬಿಡು. ದಿನಕ್ಕೊಮ್ಮೆ ಕಡ್ಡಿಯಲ್ಲಿ ತಿರುವು. ಮೂರು ತಿಂಗಳಿಗೆ ಜೇನಿನಷ್ಟು ಮಂದವಾಗುತ್ತದೆ. ಅದನ್ನು ಹಚ್ಚಿದರೆ ವಾರದಲ್ಲಿ ಒಣಗುತ್ತದೆ.

ಇಲಿ ತಿಂದ ಸಾಲಿನ ಗೊಡವೆಗೆ ಹೋಗಬೇಡ. ಈಸ್ಟರಿಗೆ ಆಗದಿದ್ದರೆ ಆಗಲಿಲ್ಲ ಎನ್ನು. ನೂರ ನಲವತ್ತು ವರ್ಷ ನಿಂತ ಪೀಠ ಇನ್ನೊಂದು ವರ್ಷ ನಿಲ್ಲುತ್ತದೆ.

ಮಣ್ಣಿಗೆ ಬರಲಾಗಲಿಲ್ಲ. ಬರುವ ಮುಖವಿರಲಿಲ್ಲ ಎನ್ನುವುದು ಹೆಚ್ಚು ಸರಿ.

ವರ್ನ್ ಹಾಸ್ಕಿನ್


ಹೆದರ್‌ಫೋರ್ಡ್
25 ಜನವರಿ 1987

ವರ್ನ್,

ರಾಳ ತಲುಪಿತು. ಒಳ್ಳೆಯ ಸರಕು. ಐವಿಗೆ ನನ್ನ ವಂದನೆ ತಿಳಿಸು.

ನಿನ್ನ ಬಿಸಿಲಿನ ಎಣ್ಣೆಯ ಕತೆ ಕೇಳು. ನಿನಗೆ ಈ ಊರಿನ ಬೇಸಿಗೆ ಮರೆತುಹೋಗಿದೆ. ಡಿಸೆಂಬರ್‌ನಿಂದ ಇಲ್ಲಿಯವರೆಗೆ ಸರಿಯಾಗಿ ಬಿಸಿಲು ಬಿದ್ದದ್ದು ಹನ್ನೊಂದು ದಿನ. ಉಳಿದ ದಿನವೆಲ್ಲ ತಟ್ಟೆಗಳನ್ನು ಒಳಗೆ ತರು, ಹೊರಗೆ ಇಡು. ಒಂದು ರಾತ್ರಿ ಮರದಿಂದ ಪಾಸಮ್ ಇಳಿದು ಬಂದು ಗಾಜು ಸರಿಸಿ, ಎಣ್ಣೆಗೆ ಕಾಲಿಟ್ಟು, ಜಗುಲಿ ತುಂಬ ಹೆಜ್ಜೆ ಮೂಡಿಸಿ ಹೋಯಿತು. ಆ ಜಗುಲಿ ಉಜ್ಜುವಾಗ ಸೊಂಟ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲ. ನನಗೀಗ ಅರವತ್ತೊಂದು.

ಥರ್ಜಾಗೆ ಹೇಳಿ ನೋಡಿದೆ. “ಈಸ್ಟರ್ ಹಬ್ಬಾನ ನಾನು ಮುಂದಕ್ಕೆ ಹಾಕೋಕಾಗುತ್ತೇನಮ್ಮ ಲೋರ್ನಾ? ಬಿಷಪ್ಪರಿಗೆ ಕಾಗದ ಹೋಗಿದೆ” ಎಂದರು.

ಎರಡು ವಾರದ ಹಿಂದೆ ಶೆಡ್ಡಿನಲ್ಲಿ ಹಂಡೆ ಸರಿಸುವಾಗ ಅದರ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅಂಗೈಯಗಲದ ಡಬ್ಬಿ, ಎತ್ತಿದರೆ ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಒಳಗೆ ಹಳದಿ ಪುಡಿ. ಮುಚ್ಚಳದ ಮೇಲೆ ಆಥೊಲ್‌ನ ಕೈಬರಹ: ‘ಒಣಗಿಸುವ ಪುಡಿ.’ ಶೆಡ್ಡಿನ ಸೂರು ಸೋರುವುದರಿಂದ ಅಡುಗೆಮನೆಯ ಒಲೆಯ ಮೇಲೇ ಎಣ್ಣೆ ಇಟ್ಟು ಒಂದು ಚಮಚ ಹಾಕಿದೆ. ಎರಡೇ ದಿನ ವರ್ನ್. ಗಾಜಿನಂತೆ ಒಣಗಿತು. ಆಮೇಲೆ ದೊಡ್ಡದಾಗಿ ಎರಡು ಸಲ ಕುದಿಸಿದೆ. ಪೀಠದ ಮೆಟ್ಟಿಲ ಪಕ್ಕದ ಕಟಕಟೆಯೂ ಮೂರು ಮೆಟ್ಟಿಲೂ ಮುಗಿದಿವೆ.

ಇದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಮಳೆಯಲ್ಲಿ ತಟ್ಟೆ ಹೊತ್ತು ಓಡಾಡಿಸಿದೆ. ಒಂದು ಚಮಚ ಪುಡಿಯ ಗುಟ್ಟನ್ನು ನನಗೆ ಬಿಟ್ಟುಕೊಡಲು ನಿನಗೆ ಮನಸ್ಸಿಲ್ಲ. ಹಿಂದೆಯೂ ಹೀಗೆಯೇ ಮಾಡಿದೆ. ಆಥೊಲ್‌ನ ಮಣಿಕಟ್ಟು ಜೋತುಬಿದ್ದು ಅವನಿಗೆ ಕುಂಚ ಹಿಡಿಯಲಾಗದಿದ್ದ ವರ್ಷವೇ ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ಇಪ್ಪತ್ತು ವರ್ಷ ನಮ್ಮ ಮೇಜಿನಲ್ಲಿ ಉಂಡವನು. ಏಳು ವರ್ಷ ಅವನು ಬಾಗಿಲ ಕಡೆ ನೋಡಿದ. ನಾನು ನೋಡಿದ್ದೇನೆ ಅವನು ನೋಡುವುದನ್ನು.

ಲೋರ್ನಾ


ಕ್ಯಾಂಗರೂ ದ್ವೀಪ
6 ಫೆಬ್ರವರಿ 1987

ಲೋರ್ನಾ,

ಐವಿ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಅವಳ ದನಿ ಕೇಳಿದೊಡನೆ ನೀನು ಇಟ್ಟುಬಿಟ್ಟೆ. ಹಾಗಾಗಿ ಮೊದಲ ಸಾಲಲ್ಲೇ ಬರೆಸುತ್ತಿದ್ದೇನೆ. ಆ ಪುಡಿಯನ್ನು ಮುಟ್ಟಬೇಡ. ಅದು ಸೀಸ. ಸೀಸ ಸುಟ್ಟು ಮಾಡಿದ ಪುಡಿ, ವಿಷ. ಎಣ್ಣೆ ಕುದಿಸಿದ ಪಾತ್ರೆಯಲ್ಲಿ ಅಡುಗೆ ಮಾಡಬೇಡ, ಬಿಸಾಡು. ಅಡುಗೆಮನೆಯನ್ನು ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಎಸೆ. ಡಾಕ್ಟರ ಬಳಿ ಹೋಗಿ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ ಎಂದು ಹೇಳು. ಈ ಮಾತುಗಳನ್ನೇ ಹೇಳು.

ಇಲಿ ತಿಂದ ಸಾಲಿನಲ್ಲಿ ಇದ್ದದ್ದು ಇದೇ. ಹಳಬರೆಲ್ಲ ಹಾಕುತ್ತಿದ್ದರು. ನಾವೂ ಹಾಕಿದೆವು.

1977ರ ಚಳಿಗಾಲದಲ್ಲಿ ನನಗೆ ಹೊಟ್ಟೆನೋವು ಬಂದು ಹೋಬಾರ್ಟಿನ ಆಸ್ಪತ್ರೆಗೆ ಹೋಗಿದ್ದೆನಲ್ಲ, ಆಗ ಡಾಕ್ಟರು ನನ್ನ ಒಸಡಿನ ನೀಲಿ ಗೆರೆ ನೋಡಿ, ಏನು ಕೆಲಸ ಮಾಡುತ್ತೀಯ ಎಂದು ಕೇಳಿದರು. ನಂತರ ರಕ್ತ ತೆಗೆದು, ಅದರಲ್ಲಿ ಸೀಸ ಸೇರಿದೆ ಎಂದರು. ನಾನು ಅಲ್ಲಿಂದ ನೇರ ಶೆಡ್ಡಿಗೆ ಬಂದು ಆಥೊಲ್‌ಗೆ ಎಲ್ಲ ಹೇಳಿದೆ. ನಿನ್ನ ಕೈ ಬೀಳುತ್ತಿರುವುದೂ ಇದರಿಂದಲೇ, ನಾಳೆಯೇ ಹೋಗೋಣ ಎಂದೆ. ಅವನು ಎಣ್ಣೆ ತಿರುವುತ್ತಲೇ ಇದ್ದ.

“ಲೋ ವರ್ನ್, ನೂರೈವತ್ತು ವರ್ಷದಿಂದ ಜನ ಇದನ್ನೇ ಹಾಕ್ಕೊಂಡು ಬಂದಿದಾರೆ. ಅವರೆಲ್ಲ ಸತ್ತೋದ್ರಾ?” ಎಂದ.

“ಸತ್ತೇ ಹೋಗಿದಾರಲ್ಲೋ ಮಾರಾಯ” ಎಂದೆ.

ಇಬ್ಬರೂ ನಕ್ಕೆವು. ಆಮೇಲೆ ಅವನು ನಗು ನಿಲ್ಲಿಸಿದ. ಈ ಮೆರುಗಿಲ್ಲದಿದ್ದರೆ ತಾನು ಯಾವ ಊರಿನಲ್ಲೂ ಸಿಗುವ ಬಡಗಿ ಅಷ್ಟೇ ಎಂದ. ಕುದಿಸುವುದಾದರೆ ಇರು, ಇಲ್ಲದಿದ್ದರೆ ಹೊರಡು ಎಂದ. ನಾನು ಹೊರಟೆ. ಬಾಗಿಲವರೆಗೆ ಬಂದು, “ಲೋರ್ನಾಗೆ ಮಾತ್ರ ಹೇಳ್ಬೇಡ ಕಣೋ. ಆಣೆ ಇಡು” ಎಂದ. ಇಟ್ಟೆ.

ನಾನು ಬಿಟ್ಟು ಓಡಿದೆ ಎಂದು ನೀನು ತಿಳಿದಿರುವುದು ಗೊತ್ತಿತ್ತು. ತಿಳಿದುಕೊಳ್ಳಲಿ ಎಂದು ಬಿಟ್ಟೆ.

ವರ್ನ್

ಲೋರ್ನಾ, ಇದನ್ನೂ ಹಿಂದಿನ ಕಾಗದವನ್ನೂ ಬರೆದವಳು ನಾನು, ಐವಿ. ಅವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಏಳುವುದಿಲ್ಲ. ಎಡಗೈಯೂ ನಡುಗುತ್ತದೆ. ಇದನ್ನು ಬರೆಯಬೇಡ ಎಂದಿದ್ದಾನೆ. ನಾನು ಆಣೆಯೇನೂ ಇಟ್ಟಿಲ್ಲ.


ಹೆದರ್‌ಫೋರ್ಡ್
3 ಮಾರ್ಚ್ 1987

ವರ್ನ್,

ಡಬ್ಬಿಗೆ ಮುಚ್ಚಳ ಬಿಗಿದು ಶೆಡ್ಡಿಗೆ ಬೀಗ ಹಾಕಿದ್ದೇನೆ. ಪಾತ್ರೆ ಎಸೆದೆ.

ನನಗೆ ಅನುಮಾನವೇ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಡಬ್ಬಿಯನ್ನು ಕೈಯಲ್ಲಿ ಎತ್ತಿದಾಗಲೇ ಏನೋ ಅನಿಸಿತ್ತು. ಹಬ್ಬ ಹತ್ತಿರವಿತ್ತು, ಸೊಂಟ ನೋಯುತ್ತಿತ್ತು. ಅನಿಸಿದ್ದನ್ನು ಪಕ್ಕಕ್ಕಿಟ್ಟೆ.

ಒಂದೇ ಮಾತು. ಆಥೊಲ್‌ನ ಕೆಲಸದ ಬಟ್ಟೆಯನ್ನು ಪ್ರತಿ ಸೋಮವಾರ ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದವಳು ನಾನು. ಮೂಗು ಬಾಯಿಗೆಲ್ಲ ಹಳದಿ ಧೂಳು ಬರುತ್ತಿತ್ತು. 1961ರಲ್ಲೂ ನಾನೇ ಕೊಡವಿದೆ, 1963ರಲ್ಲೂ ನಾನೇ. ಆ ಎರಡು ಕೂಸುಗಳು ಉಸಿರಾಡದೆ ಹುಟ್ಟಿದ ವರ್ಷಗಳು ನಿನಗೆ ಮರೆತಿರಲಾರದು. ನನ್ನಲ್ಲೇ ಏನೋ ಐಬಿದೆ ಎಂದು ಆಥೊಲ್‌ನ ಅಮ್ಮ ಸಾಯುವವರೆಗೂ ಅನ್ನುತ್ತಿದ್ದಳು. ಅದು ನನಗೂ ರೂಢಿಯಾಗಿ ಹೋಗಿತ್ತು.

ಇದಕ್ಕೆ ನೀನು ಏನಾದರೂ ಹೇಳಬೇಕು.

ಲೋರ್ನಾ


ಕ್ಯಾಂಗರೂ ದ್ವೀಪ
21 ಮಾರ್ಚ್ 1987

ಲೋರ್ನಾ,

ನಾಲ್ಕು ದಿನ ಐವಿಯನ್ನು ಕೂರಿಸಿಕೊಂಡು ಏನನ್ನೂ ಹೇಳಲಾಗದೆ ಎದ್ದು ಹೋದೆ. ಇಂದು ಅವಳು, ಒಂದು ಸಾಲಾದರೂ ಹೇಳು, ಲೋರ್ನಾ ಕಾಯುತ್ತಿರುತ್ತಾಳೆ ಎಂದಳು.

ಕಟಕಟೆಯ ಮೇಲೆ ಹಾಕಿದ್ದನ್ನು ತೆಗೆಯುವಾಗ ಒಣಗಿದ್ದಂತೆಯೇ ಉಜ್ಜಬೇಡ. ನೀರು ಹಾಕಿ ಉಜ್ಜು. ಮೂಗಿಗೆ ಮುಖವಾಡ ಕಟ್ಟು. ಆಗಾಗ ನಿಲ್ಲಿಸು.

ವರ್ನ್


ಹೆದರ್‌ಫೋರ್ಡ್
27 ಏಪ್ರಿಲ್ 1987

ವರ್ನ್,

ನಾನು ಕೇಳಿದ್ದು ಉಜ್ಜುವ ಬಗೆಯನ್ನಲ್ಲ. ಆದರೂ ನೀನು ಹೇಳಿದಂತೆಯೇ ಉಜ್ಜಿದೆ. ಮೂರು ವಾರ ಹಿಡಿಯಿತು. ಕಟಕಟೆಯೂ ಮೂರು ಮೆಟ್ಟಿಲೂ ಮತ್ತೆ ಬರಿಮರ. ಮಾಡಿದ ಕೆಲಸವನ್ನು ತನ್ನ ಕೈಯಾರೆ ಅಳಿಸುವುದು ಎಷ್ಟು ಸುಸ್ತಿನ ಕೆಲಸವೆಂದು ನಿನಗೆ ಬೇರೆ ಹೇಳಬೇಕಿಲ್ಲ.

ರಕ್ತ ಕೊಟ್ಟು ಬಂದೆ. ಇರಬೇಕಾದ್ದಕ್ಕಿಂತ ಹೆಚ್ಚಿದೆಯಂತೆ. ಹೊಸದು ಇಳಿಯುತ್ತದೆ, ಹಳೆಯದು ಎಲುಬಿನಲ್ಲಿ ಕೂತಿದ್ದರೆ ಅಲ್ಲೇ ಇರುತ್ತದೆ ಎಂದರು ಡಾಕ್ಟರ್. ಚಿಕ್ಕ ವಯಸ್ಸಿನವರು. ನನ್ನ ಹೆರಿಗೆಗಳ ಬಗ್ಗೆ ಕೇಳಿದಾಗ ತುಂಬ ಮೆಲ್ಲಗೆ ಮಾತಾಡಿದರು. ಖಚಿತವಾಗಿ ಹೇಳಲಾಗದು, ಆದರೆ ಹಾಗೆ ಆಗುವುದುಂಟು ಎಂದರು. ಆ ‘ಉಂಟು’ ಹಿಡಿದುಕೊಂಡು ಮನೆಗೆ ಬಂದೆ. ಚಹಾಕ್ಕಿಟ್ಟು ಕುಡಿಯುವುದನ್ನು ಮರೆತೆ.

ಸಮಿತಿಗೆ ಹೋಗಿ, ಈಸ್ಟರಿಗೆ ಆಗುವುದಿಲ್ಲ, ಆ ಪುಡಿ ಹಾಕಿ ಎಂದೂ ಮಾಡುವುದಿಲ್ಲ ಎಂದೆ. ಥರ್ಜಾಗೆ ಮೊದಲು ನಂಬಿಕೆಯೇ ಬರಲಿಲ್ಲ.

“ಹಾಗಾದ್ರೆ ನ್ಯಾಯಾಲಯದ ಬೆಂಚು? ಜನ ಇಷ್ಟು ವರ್ಷದಿಂದ ಅದರ ಮೇಲೆ ಕೂರ್ತಿಲ್ವೇನಮ್ಮ?”

“ಕೂರ್ತಾರೆ, ನೆಕ್ಕಲ್ಲ. ನಿಮ್ಮ ಭಾನುವಾರದ ಪಾಠಕ್ಕೆ ಬರೋ ಮಕ್ಕಳು ಪೀಠದ ಕಟಕಟೆಗೆ ಬಾಯಿ ಹಾಕ್ಕೊಂಡು ನಿಂತಿರ್ತವೆ.”

“ಆದ್ರೂ ಚೀಟೀಲಿ ಇದ್ದದ್ದನ್ನೇ ಹಾಕ್ಬೇಕು ಅಂತ ಸಮಿತಿ ತೀರ್ಮಾನ ಆಗಿದೆ.”

“ಚೀಟಿ ಬರೆದವನು ನಲವತ್ತೊಂದು ವರ್ಷಕ್ಕೇ ಸತ್ತ. ಚರ್ಚಿನ ಹಿಂದೆ ಕಲ್ಲಿದೆ, ಓದ್ಕೊಂಡು ಬನ್ನಿ” ಎಂದೆ. ದನಿ ಏರಿಸಲಿಲ್ಲ. ಏರಿಸುವ ಶಕ್ತಿಯೂ ಇರಲಿಲ್ಲ.

ಅವರು ನಿಜವಾಗಿಯೂ ಎದ್ದು ಹೋಗಿ ಓದಿಕೊಂಡು ಬಂದರು. ಬಂದು ನನ್ನ ಪಕ್ಕ ಕೂತು, ಆಥೊಲ್‌ಗೆ ಎಷ್ಟಾಗಿತ್ತು ಎಂದು ಕೇಳಿದರು. ಐವತ್ತೊಂಬತ್ತು ಎಂದೆ. ಆಮೇಲೆ ತೀರ್ಮಾನದ ಮಾತು ಯಾರೂ ಎತ್ತಲಿಲ್ಲ. ಹಬ್ಬದ ದಿನ ಬಿಷಪ್ ಮೆಟ್ಟಿಲು ಹತ್ತದೆ ನೆಲದ ಮೇಲೇ ನಿಂತು ಮಾತಾಡಿದರು. ಹಿಂದಿನ ಸಾಲಿಗೂ ಚೆನ್ನಾಗಿ ಕೇಳಿಸಿತು. ನ್ಯಾಯಾಲಯದವರಿಗೂ ಬೆಂಚುಗಳ ವಿಷಯ ತಿಳಿಸಿ ಕಾಗದ ಹಾಕಿದ್ದೇನೆ.

ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಇದಕ್ಕೆ ಉತ್ತರ ಸುಲಭ. ನನಗೆ ಆ ಡಬ್ಬಿ ಸಿಗದೇ ಹೋಗಿದ್ದರೆ, ನೀನು ಎಂದಾದರೂ ನನಗೆ ಹೇಳುತ್ತಿದ್ದೆಯಾ? ಆಥೊಲ್ ತೀರಿಕೊಂಡ ಮೇಲೆ ಆಣೆ ಯಾರಿಗಾಗಿ ಉಳಿದಿತ್ತು?

ಲೋರ್ನಾ


ಕ್ಯಾಂಗರೂ ದ್ವೀಪ
14 ಜೂನ್ 1987

ಲೋರ್ನಾ,

ಇಲ್ಲ. ಹೇಳುತ್ತಿರಲಿಲ್ಲ.

ಆಣೆ ನೆಪವಾಗಿತ್ತು. ಐವಿ ಬರೆಯುತ್ತಿದ್ದಾಳೆ, ಅವಳಿಗೂ ಇದು ಈವತ್ತೇ ಗೊತ್ತಾಗುತ್ತಿರುವುದು. ಆ ಪುಡಿಯನ್ನು ಶೆಡ್ಡಿಗೆ ಮೊದಲು ತಂದವನು ನಾನು. 1957ರಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಆಥೊಲ್ ನನ್ನನ್ನು ದಡ್ಡನೆಂದು ತಿಳಿದಾನು ಎಂಬ ಭಯ. ಹಳೆಯ ಸಾಮಾನುಗಳ ಹರಾಜಿನಲ್ಲಿ ಬಡಗಿಗಳ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ನೋಡಿ, ಬಣ್ಣದ ಅಂಗಡಿಯಿಂದ ತಂದು, ಅವನಿಗೆ ಹೇಳದೆ ಒಂದು ಚಮಚ ಹಾಕಿದೆ. ಎರಡು ದಿನದ ಮೇಲೆ ಅವನು ಹಲಗೆಯ ಮೇಲೆ ಬೆರಳು ಆಡಿಸಿ, ಏನು ಮಾಡಿದೆ ಎಂದು ಕೇಳಿದ. ನನ್ನ ಹೆಗಲ ಮೇಲೆ ಕೈಹಾಕಿದ. ನಮ್ಮಪ್ಪನೂ ಹಾಗೆ ಕೈಹಾಕಿರಲಿಲ್ಲ.

ಆಗ ನನಗೆ ಗೊತ್ತಿರಲಿಲ್ಲ. ಇದನ್ನು ಬರೆಸಿದೆ, ಆದರೆ ಇದು ಯಾವುದನ್ನೂ ಹಗುರ ಮಾಡುವುದಿಲ್ಲ. 77ರಲ್ಲಿ ಗೊತ್ತಾದಾಗ ಮೊದಲು ನನ್ನ ತಲೆಗೆ ಬಂದದ್ದು ಆಥೊಲ್‌ನ ಕೈಯಲ್ಲ. 61, 63. ಹಾಗಾಗಿ ಅವನು ಹೊರಡು ಎಂದಾಗ ನನಗೆ ಒಳಗೊಳಗೇ ನೆಮ್ಮದಿಯಾಯಿತು. ಇನ್ನು ನಿನ್ನ ಮುಖ ನೋಡಬೇಕಾಗಿಲ್ಲವಲ್ಲ ಎಂದು.

ಕ್ಷಮಿಸು ಎಂದು ಕೇಳುತ್ತಿಲ್ಲ.

ವರ್ನ್


ಹೆದರ್‌ಫೋರ್ಡ್
20 ಫೆಬ್ರವರಿ 1988

ವರ್ನ್,

ಎಂಟು ತಿಂಗಳಾಯಿತು. ನಡುವೆ ಬರೆಯಲಿಲ್ಲವೆಂದಲ್ಲ. ಬರೆದು ಒಲೆಗೆ ಹಾಕಿದೆ. ಒಂದರಲ್ಲಿ ನಿನ್ನನ್ನು ತುಂಬ ಕೆಟ್ಟದಾಗಿ ಬೈದಿದ್ದೆ. ಅದು ಉರಿದದ್ದು ಒಳ್ಳೆಯದಾಯಿತು.

ಪೀಠ ಮುಗಿದಿದೆ. ಈ ಸಲ ಬೇಸಿಗೆ ಕರುಣೆ ತೋರಿತು. ಅಕ್ಟೋಬರ್‌ನಲ್ಲೇ ತಟ್ಟೆಗಳನ್ನು ಇಟ್ಟೆ, ಪಾಸಮ್ ಸರಿಸದಂತೆ ಗಾಜಿನ ಮೇಲೆ ಕಲ್ಲು ಹೇರಿದೆ. ಜನವರಿಯ ಹೊತ್ತಿಗೆ ಎಣ್ಣೆ ಕಡ್ಡಿಯಿಂದ ನೂಲಾಗಿ ಇಳಿಯುತ್ತಿತ್ತು. ರಾಳ ಎರಡು ಸಲ, ಎಣ್ಣೆ ಐದು ಸಲ, ಕೊನೆಗೆ ಮೇಣ. ಗಾಜಿನ ಹೊಳಪಿಲ್ಲ. ನೀವು ಹಾಕುತ್ತಿದ್ದ ಮೆರುಗಿನ ಅರ್ಧವೂ ಬರಲಿಲ್ಲ. ಥರ್ಜಾ ಕನ್ನಡಕ ಹಾಕಿಕೊಂಡು ಸುತ್ತ ನೋಡಿ, “ಸ್ವಲ್ಪ ಮಂಕಾಗಿದೆ ಅನ್ಸುತ್ತೆ” ಎಂದರು. ಹೌದು ಎಂದೆ. ಅಷ್ಟಕ್ಕೇ ಮುಗಿಯಿತು. ನಿನ್ನೆ ಯಾರದೋ ಮಗುವಿನ ನಾಮಕರಣವಿತ್ತು. ಅದರ ಅಕ್ಕ, ಎರಡು ವರ್ಷದ್ದಿರಬೇಕು, ಕಟಕಟೆಗೆ ಗಲ್ಲ ಒತ್ತಿಕೊಂಡು ನಿಂತಿತ್ತು. ನಾನು ಕೊನೆಯ ಸಾಲಿನಲ್ಲಿ ಕೂತು ನೋಡಿದೆ.

ನಿನಗೆ ಗೊತ್ತಿರಲಿಲ್ಲ ಎನ್ನುವುದನ್ನು ನಂಬುತ್ತೇನೆ. ಆಥೊಲ್‌ಗೆ 77ರಿಂದ ಗೊತ್ತಿತ್ತು, ಆಮೇಲೂ ಅವನು ಬಟ್ಟೆಯನ್ನು ನನ್ನ ಬುಟ್ಟಿಗೇ ಹಾಕುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೆ ಅವನಿಲ್ಲ. ನೀನು ಇದ್ದೀಯೆಂದು ಎಲ್ಲವನ್ನೂ ನಿನ್ನ ಮೇಲೆ ಹೇರಲು ಹೊರಟೆ, ಅದೂ ಪೂರ್ತಿ ಸರಿಹೋಗಲಿಲ್ಲ. ಕ್ಷಮಿಸಿದ್ದೇನೆಂದು ಬರೆಯಲು ಕುಳಿತರೆ ಕೈ ಮುಂದೆ ಹೋಗುತ್ತಿಲ್ಲ. ಅದನ್ನು ಹಾಗೇ ಬಿಡುತ್ತೇನೆ.

ಈಗ ಕೇಳು. ಐವಿ ನಿನಗೆ ಹೇಳದೆ ನನಗೆ ಕಾಗದ ಹಾಕಿದ್ದಾಳೆ. ಮಾರ್ಚ್‌ನಲ್ಲಿ ಅವಳಿಗೆ ಅಡಿಲೇಡಿನಲ್ಲಿ ಸೊಂಟದ ಆಪರೇಷನ್ ಅಂತೆ, ಆರು ವಾರ ಅಲ್ಲೇ ಇರಬೇಕಂತೆ. ನೀನು ಒಬ್ಬನೇ ನಿಭಾಯಿಸುತ್ತೇನೆ ಎನ್ನುತ್ತಿದ್ದೀಯಂತೆ. ಆ ಕೈಯಲ್ಲಿ ನಿನಗೆ ರೊಟ್ಟಿಗೆ ಬೆಣ್ಣೆ ಸವರಿಕೊಳ್ಳಲೂ ಬರುವುದಿಲ್ಲವೆಂದು ಅವಳು ಬರೆದಿದ್ದಾಳೆ. ನಾನು ಏಳು ವರ್ಷ ಒಬ್ಬನ ಅಂಗಿಯ ಗುಂಡಿ ಹಾಕಿದ್ದೇನೆ, ಮಾಂಸ ತುಂಡು ಮಾಡಿಕೊಟ್ಟಿದ್ದೇನೆ, ಗಡ್ಡ ಹೆರೆದಿದ್ದೇನೆ. ಆ ಕೆಲಸ ನನಗೆ ಬರುತ್ತದೆ.

ಡೆವನ್‌ಪೋರ್ಟ್ ಬಂದರಿನಿಂದ ಮಾರ್ಚ್ ಎಂಟನೇ ತಾರೀಖು ಹಡಗು. ದ್ವೀಪಕ್ಕೆ ಹತ್ತರ ಮಧ್ಯಾಹ್ನ ಮುಟ್ಟುತ್ತೇನೆ. ದಡಕ್ಕೆ ಬರಬೇಡ, ನಿನಗೆ ಕಾರು ಓಡಿಸಲಾಗದು, ಬಂದವರ ಗಾಡಿಯಲ್ಲಿ ನಾನೇ ಬರುತ್ತೇನೆ. ಮಾತಾಡಬೇಕೆನಿಸಿದರೆ ಮಾತಾಡೋಣ. ಬೇಡವೆನಿಸಿದರೆ ಆರು ವಾರವೂ ಸುಮ್ಮನಿರೋಣ. ನನಗೆ ಎರಡೂ ಆಗುತ್ತದೆ.

ಹಾಸಿಗೆ ಗಟ್ಟಿ ಇರುವ ಕೋಣೆಯನ್ನು ನನಗೆ ಕೊಡಲು ಐವಿಗೆ ಹೇಳು. ಸೊಂಟ ಇನ್ನೂ ಸರಿಯಿಲ್ಲ.

ಲೋರ್ನಾ